ಡ್ರಮ್ಮಿನ ಹಿಂದೆ ಹೊರಟ ಕಾನೂನು

ಬೆಂಗಳೂರಿನ ಪೀಣ್ಯದ ಪ್ಲೇಟಿಂಗ್ ಶೆಡ್ಡಿನಲ್ಲಿ ತೊಟ್ಟಿಗಳು ಸಾಲಾಗಿರುತ್ತವೆ. ಲೇತಿನಿಂದ ಇಳಿದ ಉಕ್ಕಿನ ಬಿಡಿಭಾಗದ ಎಣ್ಣೆ ಜಿಡ್ಡು ಮೊದಲ ತೊಟ್ಟಿಯಲ್ಲಿ ಹೋಗುತ್ತದೆ. ಮುಂದಿನದರಲ್ಲಿ ಆಸಿಡ್ಡಿಗೆ ಅದ್ದಿ ತುಕ್ಕು ಬಿಡಿಸುತ್ತಾರೆ. ಆಮೇಲೆ ತಂತಿಗೆ ಕಟ್ಟಿ, ಕ್ರೋಮಿಕ್ ಆಸಿಡ್ ತುಂಬಿದ ತೊಟ್ಟಿಗೆ ಇಳಿಬಿಟ್ಟು ಕರೆಂಟ್ ಕೊಟ್ಟರೆ ಉಕ್ಕಿನ ಮೇಲೆ ಕ್ರೋಮಿಯಂ ಕೂರುತ್ತದೆ. ಮೇಲೆತ್ತಿದಾಗ ಮುಖ ಕಾಣುವಷ್ಟು ಹೊಳಪು. ಕಡೆಗೊಮ್ಮೆ ನೀರಿನ ತೊಟ್ಟಿಯಲ್ಲಿ ಜಾಲಾಡಿಸಿದರೆ ಮಾಲು ಸಿದ್ಧ. ಜಾಲಾಡಿಸಿದ ನೀರು ಮಾತ್ರ ಹಳದಿಗೆ ತಿರುಗಿರುತ್ತದೆ.

ಆ ಹಳದಿಯೇ ಹೆಕ್ಸಾವೇಲೆಂಟ್ ಕ್ರೋಮಿಯಂ. ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಮಣ್ಣಿನಲ್ಲಿ ಇಂಗಿ ಕೊಳವೆಬಾವಿಯವರೆಗೂ ಹೋಗುತ್ತದೆ. ತೊಟ್ಟಿಯ ಮೇಲೇಳುವ ಹನಿಮಂಜನ್ನು ವರ್ಷಗಟ್ಟಲೆ ಉಸಿರಾಡಿದವರ ಮೂಗಿನ ನಡುಗೋಡೆ ತೂತಾಗುತ್ತದೆ, ಕೈಬೆರಳ ಸಂದಿಯಲ್ಲಿ ಮಾಯದ ಹುಣ್ಣಾಗುತ್ತದೆ, ಶ್ವಾಸಕೋಶದ ಕ್ಯಾನ್ಸರ್ ಕೂಡ ಬರಬಹುದು. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ಲೆಕ್ಕ ಹಾಕಿದರೆ ಒಂದೇ ಒಂದು ಗ್ರಾಂ ಕ್ರೋಮಿಯಂ 20,000 ಲೀಟರ್ ನೀರನ್ನು ಆ ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲದು.

ಬೆಂಗಳೂರಿನ ಹೊರವಲಯದಲ್ಲಿ ಅಪಾಯಕಾರಿ ವಸ್ತುಗಳನ್ನು ಆಳಲು ಬಂದ ನಿಯಮಗಳ ಚರಿತ್ರೆಯನ್ನು ಈ ನೀರಿನ ಜಾಡಿನಲ್ಲೇ ಓದಬಹುದು. ಕಾನೂನು ಮೊದಲು ಕಾರ್ಮಿಕನ ಕೈ ನೋಡಿತು, ನಂತರ ಕಾಂಪೌಂಡು, ನಂತರ ಗೇಟು ದಾಟಿದ ಲಾರಿ, ಕೊನೆಗೆ ಮಾಲು ಮಾರಿದ ಕಂಪನಿಯ ಹೊಣೆ. ಪ್ರತಿ ಸಲವೂ ಒಂದು ದುರಂತ ಅಥವಾ ಒಂದು ಕೋರ್ಟು ಅದನ್ನು ಮುಂದಕ್ಕೆ ತಳ್ಳಬೇಕಾಯಿತು. ಬಹುತೇಕ ಪ್ರತಿ ಸಲವೂ ಒಂದು ಅಳತೆಗೋಲು ಅಡ್ಡ ಬಂದು, ಚಿಕ್ಕವರು ಅದರ ಕೆಳಗಿನಿಂದ ನುಸುಳಿದರು. ಪೀಣ್ಯ ಕಟ್ಟಿದ್ದೇ ಚಿಕ್ಕವರಿಂದ.

ಕೈ ನೋಡಿದ ಕಾಲ

ಸ್ವಾತಂತ್ರ್ಯದ ಹಿಂದುಮುಂದಿನ ದಶಕಗಳಲ್ಲಿ ಬೆಂಗಳೂರಿಗೆ ಸಾರ್ವಜನಿಕ ವಲಯದ ದೊಡ್ಡ ಕಾರ್ಖಾನೆಗಳು ಒಂದರ ಹಿಂದೊಂದು ಬಂದವು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಕೊನೆಯ ಎರಡೂ ಜಾಲಹಳ್ಳಿಯಲ್ಲಿ, ಅಂದರೆ ಪೀಣ್ಯದ ಮಗ್ಗುಲಲ್ಲೇ. ವಿಮಾನಕ್ಕೆ, ಟೆಲಿಫೋನಿಗೆ, ಕೈಗಡಿಯಾರಕ್ಕೆ, ರೇಡಾರಿಗೆ ಬೇಕಾದ ಬೋಲ್ಟು, ಬುಷ್ಷು, ಬ್ರಾಕೆಟ್ಟುಗಳನ್ನೆಲ್ಲ ಈ ಕಾರ್ಖಾನೆಗಳು ತಾವೇ ಮಾಡಿಕೊಳ್ಳಲಾಗದು. ಹೊರಗೆ ಜಾಬ್ ವರ್ಕ್ ಕೊಡುವ ಪದ್ಧತಿ ಬೆಳೆಯಿತು. ಟರ್ನರ್, ಫಿಟ್ಟರ್ ಆಗಿ ಕೈ ಪಳಗಿಸಿಕೊಂಡವರು ಒಂದು ಲೇತು, ಒಂದು ಶೆಡ್ಡು ಹಿಡಿದು ಓನರ್ ಆದರು.

ಶೆಡ್ಡು ಕೊಡಲು 1960ರಲ್ಲಿ ರಾಜ್ಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮ ಹುಟ್ಟಿತ್ತು. ನೆಲ ಕೊಡಲು 1966ರ ಕಾಯ್ದೆಯಡಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಬಂತು. 1970ರ ದಶಕದಲ್ಲಿ ತುಮಕೂರು ರಸ್ತೆಯ ಪಕ್ಕ ಪೀಣ್ಯ ಕೈಗಾರಿಕಾ ಪ್ರದೇಶ ಹಂತಹಂತವಾಗಿ ಎದ್ದಿತು, 1978ರಲ್ಲಿ ಪೀಣ್ಯ ಕೈಗಾರಿಕಾ ಸಂಘ ಸ್ಥಾಪನೆಯಾಯಿತು. ಲೇತಿದ್ದಲ್ಲಿ ಪ್ಲೇಟಿಂಗ್ ಬೇಕು, ಹೀಟ್ ಟ್ರೀಟ್‌ಮೆಂಟ್ ಬೇಕು, ಪೇಂಟು ಬೇಕು. ಹೀಗೆ ಆಸಿಡ್ಡು, ಸಯನೈಡು, ಕ್ರೋಮಿಯಂ, ಥಿನ್ನರುಗಳು ಕ್ಯಾನಿನಲ್ಲಿ, ಡ್ರಮ್ಮಿನಲ್ಲಿ ಗಲ್ಲಿಗಲ್ಲಿಗೆ ಬಂದಿಳಿದವು.

ಆಗ ಕೈಯಲ್ಲಿದ್ದ ಕಾನೂನು 1948ರ ಕಾರ್ಖಾನೆ ಕಾಯ್ದೆ. ಅದರಡಿ ರಾಜ್ಯ ಸರ್ಕಾರ 1969ರಲ್ಲಿ ನಿಯಮಗಳನ್ನು ಮಾಡಿತು. ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದ ಕಾಲದ ಆ ನಿಯಮಗಳೇ ತಿದ್ದುಪಡಿಗಳೊಂದಿಗೆ ಕರ್ನಾಟಕ ಕಾರ್ಖಾನೆ ನಿಯಮಗಳಾಗಿ ಅರ್ಧ ಶತಮಾನಕ್ಕೂ ಹೆಚ್ಚು ಬಾಳಿದವು. ಅವುಗಳಲ್ಲಿ ಅಪಾಯಕಾರಿ ಕೆಲಸಗಳ ಅನುಸೂಚಿಗಳಿವೆ, ಕ್ರೋಮಿಕ್ ಆಸಿಡ್ ಬಳಸುವ ಪ್ಲೇಟಿಂಗ್ ಕೂಡ ಆ ಸಾಲಿಗೆ ಸೇರಿದ್ದು. ಹಬೆ ಕೆಲಸಗಾರನ ಮುಖಕ್ಕೆ ಬರುವ ಮೊದಲೇ ಎಳೆದುಕೊಳ್ಳುವ ವ್ಯವಸ್ಥೆ ತೊಟ್ಟಿಯ ಅಂಚಿನಲ್ಲಿರಬೇಕು. ನೆಲ ನೀರು ಹೀರಬಾರದು. ಏಪ್ರನ್, ರಬ್ಬರ್ ಕೈಗವಸು, ಬೂಟು ಕೊಡಬೇಕು. ಕೈ ಮತ್ತು ಮುಂಗೈ ಚರ್ಮವನ್ನು ಆಗಾಗ ಪರೀಕ್ಷಿಸಬೇಕು. ತೊಟ್ಟಿಯ ಮುಂದೆ ನಿಂತ ಮನುಷ್ಯನ ಮಟ್ಟಿಗೆ ಇದು ಒಳ್ಳೆಯ ನಿಯಮವೇ. ತೊಟ್ಟಿಯ ನೀರು ನೆಲ ತೊಳೆದುಕೊಂಡು ಎಲ್ಲಿಗೆ ಹೋಗುತ್ತದೆ ಎಂಬುದು ಮಾತ್ರ ಅದರ ವ್ಯಾಪ್ತಿಯಲ್ಲಿರಲಿಲ್ಲ.

ಇನ್ನೊಂದು ಮಿತಿಯೂ ಇತ್ತು. ವಿದ್ಯುತ್ ಬಳಸುವ ಕಡೆ ಹತ್ತು ಜನ, ಬಳಸದ ಕಡೆ ಇಪ್ಪತ್ತು ಜನ ಕೆಲಸಗಾರರಿದ್ದರೆ ಮಾತ್ರ ಅದು ಸಾಮಾನ್ಯವಾಗಿ ಕಾರ್ಖಾನೆ. ಗಂಡ, ಹೆಂಡತಿ, ಭಾವಮೈದುನ, ನಾಲ್ಕು ಜನ ಹುಡುಗರು ಸೇರಿ ನಡೆಸುವ ಪ್ಲೇಟಿಂಗ್ ಶೆಡ್ಡಿನ ಬಾಗಿಲಿಗೆ ಕಾರ್ಖಾನೆ ಇನ್‌ಸ್ಪೆಕ್ಟರ್ ಬರಬೇಕಾದ ಪ್ರಮೇಯವೇ ಇರಲಿಲ್ಲ.

ನೀರಿನ ಪ್ರಶ್ನೆಗೆಂದು 1974ರಲ್ಲಿ ಜಲಮಾಲಿನ್ಯ ಕಾಯ್ದೆ ಬಂತು. ಅದೇ ವರ್ಷದ ಸೆಪ್ಟೆಂಬರ್ 21ರಂದು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ರಚನೆಯಾಯಿತು. ಮಂಡಳಿಯ ಸಮ್ಮತಿ ಇಲ್ಲದೆ ಕೊಳಕು ನೀರು ಹೊರಬಿಡುವಂತಿಲ್ಲ ಎಂದಾಯಿತು. ಕಾನೂನು ತೊಟ್ಟಿಯಿಂದ ಪೈಪಿನ ಬಾಯಿಗೆ ಬಂತು.

ಭೋಪಾಲದ ನೆರಳು

1984ರ ಡಿಸೆಂಬರ್ 2ರ ರಾತ್ರಿ ಕಳೆದು 3ರ ಬೆಳಗು ಹರಿಯುವಷ್ಟರಲ್ಲಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸೋರಿದ ಮೀಥೈಲ್ ಐಸೊಸಯನೇಟ್ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತ್ತು. ಹೊಂದಿಕೊಂಡ ಬಸ್ತಿಯವರಿಗೆ ಗೋಡೆಯ ಆಚೆ ಏನಿದೆ ಎಂದು ಗೊತ್ತಿರಲಿಲ್ಲ, ಆಸ್ಪತ್ರೆಯ ವೈದ್ಯರಿಗೆ ಯಾವ ವಿಷಕ್ಕೆ ಚಿಕಿತ್ಸೆ ಕೊಡುತ್ತಿದ್ದೇವೆ ಎಂದು ತಿಳಿದಿರಲಿಲ್ಲ. ಮರುವರ್ಷ ಡಿಸೆಂಬರ್ 4ರಂದು ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಸೋರಿತು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಪಾಯಕಾರಿ ಉದ್ಯಮ ನಡೆಸುವವರು ಅದರಿಂದಾಗುವ ಹಾನಿಗೆ ಯಾವ ವಿನಾಯಿತಿಯೂ ಇಲ್ಲದೆ ಪೂರ್ತಿ ಹೊಣೆ ಎಂದು ತೀರ್ಪು ಕೊಟ್ಟಿತು.

ಮುಂದಿನ ಹತ್ತು ವರ್ಷ ಕಾನೂನುಗಳ ಸುಗ್ಗಿ. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ. 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಹೊಸ ಅಧ್ಯಾಯ: ಅಪಾಯಕಾರಿ ಪ್ರಕ್ರಿಯೆಯ ಮಾಹಿತಿಯನ್ನು ಕಾರ್ಮಿಕರಿಗೆ, ಸುತ್ತಲಿನ ಜನರಿಗೆ, ಸ್ಥಳೀಯ ಆಡಳಿತಕ್ಕೆ ತಿಳಿಸುವುದು ಕಡ್ಡಾಯ. ಜೀವಕ್ಕೆ ಅಪಾಯ ಕಂಡರೆ ಎಚ್ಚರಿಸುವ ಹಕ್ಕು ಕಾರ್ಮಿಕನಿಗೇ ಬಂತು. 1991ರಲ್ಲಿ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ. 1994ರಲ್ಲಿ ಕರ್ನಾಟಕ ತನ್ನದೇ ಆದ ಕೈಗಾರಿಕಾ ಮಹಾ ಅಪಘಾತ ಅಪಾಯ ನಿಯಂತ್ರಣ ನಿಯಮಗಳನ್ನು ಮಾಡಿತು. 1996ರಲ್ಲಿ ರಾಸಾಯನಿಕ ಅಪಘಾತಗಳಿಗೆ ಜಿಲ್ಲಾಧಿಕಾರಿಯ ನೇತೃತ್ವದ ಬಿಕ್ಕಟ್ಟು ನಿರ್ವಹಣಾ ತಂಡಗಳು ಬಂದವು. ಕಾರ್ಖಾನೆಯೊಳಗಿನ ತುರ್ತು ಯೋಜನೆ ಮಾಲೀಕನದು, ಗೋಡೆಯ ಹೊರಗಿನದು ಜಿಲ್ಲಾಡಳಿತದ್ದು ಎಂದು ಕೆಲಸ ಹಂಚಿಕೆಯಾಯಿತು.

1989 ಎಂಬ ಒಂದೇ ವರ್ಷದ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಆ ವರ್ಷ ಕೇಂದ್ರ ಸರ್ಕಾರ ಎರಡು ನಿಯಮಗಳನ್ನು ಹೊರಡಿಸಿತು. ಜುಲೈ 28ರದ್ದು ಅಪಾಯಕಾರಿ ತ್ಯಾಜ್ಯದ ಬಗ್ಗೆ, ನವೆಂಬರ್ 27ರದ್ದು ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ದಾಸ್ತಾನು ಮತ್ತು ಆಮದಿನ ಬಗ್ಗೆ. ರಾಸಾಯನಿಕದ ನಿಯಮದ ತಕ್ಕಡಿ ಟನ್ನಿನದು. ಕ್ಲೋರಿನ್ ದಾಸ್ತಾನು 10 ಟನ್ ಮುಟ್ಟಿದರೆ ಒಂದು ಬಗೆಯ ಕರ್ತವ್ಯ, 25 ಟನ್ ಮುಟ್ಟಿದರೆ ಸುರಕ್ಷತಾ ವರದಿ, ತುರ್ತು ಯೋಜನೆ ಎಲ್ಲ. ಬೆಂಗಳೂರಿನ ಪೂರ್ವಕ್ಕೆ, ವೈಟ್‌ಫೀಲ್ಡ್ ದಾಟಿದರೆ ಸಿಗುವ ದೇವನಗೊಂದಿಯ ತೈಲ ಕಂಪನಿಗಳ ಟರ್ಮಿನಲ್‌ಗಳಂಥ ದೈತ್ಯರಿಗೆ ಈ ತಕ್ಕಡಿ ಸರಿ. ತ್ಯಾಜ್ಯದ ನಿಯಮದ ತಕ್ಕಡಿ ಕಿಲೋದ್ದು. ಅದು ತ್ಯಾಜ್ಯವನ್ನು 18 ವರ್ಗಗಳಾಗಿ ವಿಂಗಡಿಸಿತು. ಮೊದಲನೆಯದು ಸಯನೈಡ್ ತ್ಯಾಜ್ಯ, ಮಿತಿ ವರ್ಷಕ್ಕೆ 1 ಕಿಲೋ. ಎರಡನೆಯದು ಲೋಹಕ್ಕೆ ಮೆರುಗು ಕೊಡುವ ಕೆಲಸದ ತ್ಯಾಜ್ಯ, ಮಿತಿ 10 ಕಿಲೋ. ಅಂದರೆ ಎರಡನೇ ತಕ್ಕಡಿಯಲ್ಲಿ ಪೀಣ್ಯದ ಸಣ್ಣ ಶೆಡ್ಡು ಕೂಡ ತೂಗುತ್ತಿತ್ತು. ಸಣ್ಣವರನ್ನೂ ಕಾಣಬಲ್ಲ ನಿಯಮವೊಂದು ಕಾಗದದ ಮೇಲಾದರೂ ಆಗಲೇ ಹುಟ್ಟಿತ್ತು.

ಹಿತ್ತಲಿನ ಡ್ರಮ್ಮು

ತೊಂದರೆ ಶುರುವಾದದ್ದು ಇಲ್ಲಿಂದ. ಹಳದಿ ನೀರನ್ನು ಶುದ್ಧ ಮಾಡುವುದು ದೊಡ್ಡ ವಿದ್ಯೆಯೇನಲ್ಲ. ನೀರಿಗೆ ಇನ್ನಷ್ಟು ಆಸಿಡ್ ಸೇರಿಸಿ, ಫೆರಸ್ ಸಲ್ಫೇಟ್ ಅಥವಾ ಸೋಡಿಯಂ ಬೈಸಲ್ಫೈಟ್ ಹಾಕಿ ಕಲಕಿದರೆ ಹಳದಿ ಮಾಯವಾಗಿ ಕ್ರೋಮಿಯಂ ಅಷ್ಟೊಂದು ವಿಷವಲ್ಲದ ರೂಪಕ್ಕೆ ಬರುತ್ತದೆ. ಮೇಲೆ ಸುಣ್ಣ ಹಾಕಿದರೆ ಹಸಿರು ಛಾಯೆಯ ಗಸಿಯಾಗಿ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ ಒಳಗಿದ್ದರೆ ಜಲಕಾಯ್ದೆಯ ಲೆಕ್ಕ ಚುಕ್ತಾ. ಕೆಳಗೆ ಉಳಿದ ಗಸಿಯನ್ನು ಒಣಗಿಸಿ ಚೀಲಕ್ಕೋ ಡ್ರಮ್ಮಿಗೋ ತುಂಬಿದಾಗ ಅದು ಅಪಾಯಕಾರಿ ತ್ಯಾಜ್ಯ, ಇನ್ನೊಂದು ನಿಯಮದ ಪಾಲು. ನೀರನ್ನು ಎಷ್ಟು ಚೆನ್ನಾಗಿ ತೊಳೆದರೆ ಗಸಿ ಅಷ್ಟು ಹೆಚ್ಚು. ಪ್ರಾಮಾಣಿಕ ಓನರ್ ಹಿತ್ತಲಲ್ಲಿ ಡ್ರಮ್ಮುಗಳು ಸಾಲುಗಟ್ಟುತ್ತ ಹೋದವು, ಕೊಂಡೊಯ್ಯಲು ಜಾಗವೇ ಇರಲಿಲ್ಲ.

ತ್ಯಾಜ್ಯ ಹಾಕಲು ಜಾಗ ಗುರುತಿಸುವ ಹೊಣೆಯನ್ನು 1989ರ ನಿಯಮ ರಾಜ್ಯ ಸರ್ಕಾರಗಳಿಗೆ ವಹಿಸಿತ್ತು. ಯಾವ ಊರಿನವರೂ ತಮ್ಮ ಊರ ಮಗ್ಗುಲಿಗೆ ವಿಷದ ತಿಪ್ಪೆ ಬರಲಿ ಎಂದು ಒಪ್ಪುವುದಿಲ್ಲ. 1990ರ ದಶಕದಲ್ಲಿ ಜರ್ಮನಿಯ ಜಿಟಿಝಡ್ ಸಂಸ್ಥೆಯ ನೆರವಿನೊಂದಿಗೆ ರಾಜ್ಯದಲ್ಲಿ ಅಪಾಯಕಾರಿ ತ್ಯಾಜ್ಯದ ಯೋಜನೆಯೊಂದು ನಡೆಯಿತು. ಯಾರಲ್ಲಿ ಏನು ತ್ಯಾಜ್ಯ ಹುಟ್ಟುತ್ತದೆ ಎಂಬ ಪಟ್ಟಿ ಮಾಡುವುದು, ಜಾಗ ಹುಡುಕುವುದು ಇವೇ ಕೆಲಸ.

ತಳ್ಳಿದ್ದು ಮತ್ತೆ ಕೋರ್ಟೇ. ಹೊರದೇಶಗಳ ವಿಷತ್ಯಾಜ್ಯ ಭಾರತದ ಬಂದರುಗಳಿಗೆ ಬಂದಿಳಿಯುತ್ತಿದೆ ಎಂದು 1995ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯ ವಿಚಾರಣೆ ದೇಶದೊಳಗೇ ಹುಟ್ಟುವ ತ್ಯಾಜ್ಯಕ್ಕೂ ಹರಡಿತು. 1997ರಲ್ಲಿ ಭೌತವಿಜ್ಞಾನಿ ಎಂ.ಜಿ.ಕೆ. ಮೆನನ್ ಅಧ್ಯಕ್ಷತೆಯಲ್ಲಿ ಉನ್ನತಾಧಿಕಾರ ಸಮಿತಿ ನೇಮಕವಾಯಿತು. 2003ರ ಅಕ್ಟೋಬರ್ 14ರಂದು ಕೋರ್ಟು ಕೊಟ್ಟ ಆದೇಶ ರಾಜ್ಯಗಳಿಗೆ, ಮಂಡಳಿಗಳಿಗೆ ಬಿಸಿ ಮುಟ್ಟಿಸಿತು. ಈ ನಡುವೆ ನಿಯಮವೂ ಬದಲಾಗುತ್ತಿತ್ತು. 18 ವರ್ಗಗಳ ಹಳೆಯ ಪಟ್ಟಿ ಹೋಗಿ 2000ದ ತಿದ್ದುಪಡಿಯಲ್ಲಿ ಉತ್ಪಾದನಾ ಪ್ರಕ್ರಿಯೆಗಳ ಪಟ್ಟಿ ಬಂತು. ನಿನ್ನ ಗಸಿಯಲ್ಲಿ ಎಷ್ಟು ಕಿಲೋ ಲೋಹವಿದೆ ಎಂದು ಕೇಳುವ ಬದಲು ನೀನು ಯಾವ ಕೆಲಸ ಮಾಡುತ್ತೀಯ ಎಂದು ಕೇಳುವುದು ಶುರುವಾಯಿತು. ಪ್ಲೇಟಿಂಗ್ ಮಾಡುತ್ತೀಯಾದರೆ ಅದರ ಗಸಿ ಅಪಾಯಕಾರಿಯೇ. ಸಣ್ಣ ಶೆಡ್ಡುಗಳ ಮಟ್ಟಿಗೆ ಇದು ಈ ಚರಿತ್ರೆಯಲ್ಲೇ ದೊಡ್ಡ ತಿರುವು.

ಜಾಗ ಕೊನೆಗೆ ಸಿಕ್ಕಿದ್ದು ಅದೇ ತುಮಕೂರು ರಸ್ತೆಯಲ್ಲಿ, ಪೀಣ್ಯದಿಂದ ಇನ್ನೂ ಮುಂದೆ, ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿ. 2008ರ ಹೊತ್ತಿಗೆ ಅಲ್ಲಿ ತ್ಯಾಜ್ಯ ಸಂಸ್ಕರಿಸಿ ಹೂಳುವ ಕೇಂದ್ರ ಕೆಲಸ ಶುರು ಮಾಡಿತು. ಜಾಗ ಗುರುತಿಸಿ ಎಂದು ನಿಯಮ ಹೇಳಿ ಆಗಲೇ ಹತ್ತೊಂಬತ್ತು ವರ್ಷ. ಇಂಥ ಕೇಂದ್ರಗಳಲ್ಲಿ ಗುಂಡಿಯ ತಳಕ್ಕೆ ಜೇಡಿಮಣ್ಣು, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಸು, ಒಸರುವ ರಸ ಹಿಡಿಯಲು ಕೊಳವೆ ಇರುತ್ತವೆ. ಗಸಿಯನ್ನು ಸಿಮೆಂಟು, ಸುಣ್ಣ, ಹಾರುಬೂದಿಯ ಜೊತೆ ಕಲಸಿ ಗಟ್ಟಿ ಮಾಡಿ ಹೂಳುತ್ತಾರೆ.

ಈಗ ಕಾನೂನು ಲಾರಿ ಹತ್ತಿತು. ಡ್ರಮ್ಮು ಗೇಟು ದಾಟಬೇಕಾದರೆ ಜೊತೆಗೆ ಮ್ಯಾನಿಫೆಸ್ಟ್ ಎಂಬ ರಹದಾರಿ ಹೋಗಬೇಕು. 2016ರ ಏಪ್ರಿಲ್ 4ರಂದು ಬಂದ ಹೊಸ ನಿಯಮಗಳಲ್ಲಿ ಅದಕ್ಕೆ ಫಾರಂ 10 ಎಂದು ಹೆಸರು, ಏಳು ಪ್ರತಿ, ಒಂದೊಂದಕ್ಕೂ ಒಂದೊಂದು ಬಣ್ಣ. ಬಿಳಿಯದನ್ನು ಕಳಿಸುವವನು ಮಂಡಳಿಗೆ ಕೊಡಬೇಕು. ಹಳದಿಯನ್ನು ಸಾಗಿಸುವವನ ಸಹಿ ಹಾಕಿಸಿಕೊಂಡು ತನ್ನಲ್ಲೇ ಇಟ್ಟುಕೊಳ್ಳಬೇಕು. ಗುಲಾಬಿ ಪ್ರತಿ ತ್ಯಾಜ್ಯ ಪಡೆದವನಿಗೆ, ಕಿತ್ತಳೆ ಲಾರಿಯವನಿಗೆ. ಹಸಿರನ್ನು ಪಡೆದವನು ಮಂಡಳಿಗೆ ಕಳಿಸುತ್ತಾನೆ. ನೀಲಿ ಪ್ರತಿ ತಿರುಗಿ ಶೆಡ್ಡಿಗೆ ಬರುತ್ತದೆ, ನಿನ್ನ ಡ್ರಮ್ಮು ಮುಟ್ಟಿತು ಎಂಬುದಕ್ಕೆ ಅದೇ ಸಾಕ್ಷಿ. ಬೂದು ಬಣ್ಣದ್ದು ತ್ಯಾಜ್ಯ ಬೇರೆ ರಾಜ್ಯಕ್ಕೆ ಹೋದಾಗ ಕಳಿಸಿದವನ ರಾಜ್ಯದ ಮಂಡಳಿಗೆ. ಮಂಡಳಿಯ ಮೇಜಿನ ಮೇಲೆ ಬಿಳಿಯ ಜೊತೆಗೆ ಹಸಿರು ಬಂದು ಕೂಡದಿದ್ದರೆ ನಡುದಾರಿಯಲ್ಲಿ ಡ್ರಮ್ಮು ಎಲ್ಲೋ ಇಳಿದಿದೆ ಎಂದೇ ಅರ್ಥ.

ಸಣ್ಣ ಓನರ್‌ಗೆ ಇದರ ಲೆಕ್ಕಾಚಾರ ಕಷ್ಟ. ನಿಯಮದ ಪ್ರಕಾರ ತ್ಯಾಜ್ಯವನ್ನು 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅವನಲ್ಲಿ ಮೂರು ತಿಂಗಳಿಗೆ ಒಂದು ಡ್ರಮ್ಮೂ ತುಂಬದೆ ಇರಬಹುದು, ಅರೆ ಡ್ರಮ್ಮಿಗಾಗಿ ಲಾರಿ ಕರೆಸಿದರೆ ಬಾಡಿಗೆ ಗಿಟ್ಟುವುದಿಲ್ಲ. ಅದಕ್ಕೇ ವರ್ಷಕ್ಕೆ 10 ಟನ್ ಒಳಗಿನ ತ್ಯಾಜ್ಯದವರಿಗೆ ಮಂಡಳಿ 180 ದಿನದವರೆಗೆ ಅವಕಾಶ ಕೊಡಬಹುದು ಎಂದು ನಿಯಮವೇ ಸಡಿಲ ಬಿಟ್ಟಿದೆ. ಆದರೂ ಡ್ರಮ್ಮಿಗೆ ದುಡ್ಡು, ಲಾರಿಗೆ ದುಡ್ಡು, ಹೂಳಲು ದುಡ್ಡು. ಮೋರಿಗೆ ಬಿಟ್ಟರೆ ಕಾಸೂ ಖರ್ಚಿಲ್ಲ. ಪೀಣ್ಯದ ಕಡೆಯ ಮೋರಿಗಳು ವೃಷಭಾವತಿಗೆ ಸೇರುತ್ತವೆ. ವೃಷಭಾವತಿ ಬಿಡದಿ ಬಳಿಯ ಬೈರಮಂಗಲ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಕಾವೇರಿಗೆ. ಬೈರಮಂಗಲದ ರೈತರು ಗದ್ದೆಗೆ ಹಾಯಿಸಿದ್ದು ಈ ನೀರನ್ನೇ.

ಹೊಗೆಯಿಲ್ಲದ ಉದ್ಯಮದ ಎಣ್ಣೆ

ನಗರದ ತೆಂಕಣ ತುದಿಯಲ್ಲಿ ಇನ್ನೊಂದು ಕತೆ. 1976ರಲ್ಲಿ ಸ್ಥಾಪನೆಯಾದ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನ ಮೊದಲ ಅಧ್ಯಕ್ಷ ಆರ್.ಕೆ. ಬಾಳಿಗಾ ಹೊಸೂರು ರಸ್ತೆಯ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡರು. ಪೂರ್ವದಲ್ಲಿ 1998ರಲ್ಲಿ ವೈಟ್‌ಫೀಲ್ಡಿನ ಐಟಿಪಿಎಲ್ ಟೆಕ್ ಪಾರ್ಕ್ ಬಾಗಿಲು ತೆರೆಯಿತು. ಸಾಫ್ಟ್‌ವೇರ್ ಎಂದರೆ ಹೊಗೆಯಿಲ್ಲ, ಮಸಿಯಿಲ್ಲ, ಮಾಲಿನ್ಯವಿಲ್ಲ ಎಂಬ ನಂಬಿಕೆ ಊರಿಗೆಲ್ಲ ಹಬ್ಬಿತು.

ಕರೆಂಟ್ ಹೋದಾಗ ಆ ನಂಬಿಕೆಯ ಹಿಂಬಾಗಿಲು ಕಾಣುತ್ತಿತ್ತು. ಸರ್ವರ್ ಒಂದು ಕ್ಷಣವೂ ನಿಲ್ಲಬಾರದು. ಹಾಗಾಗಿ ಪ್ರತಿ ಕ್ಯಾಂಪಸ್ಸಿನ ಹಿಂದೆ ಡೀಸೆಲ್ ಜನರೇಟರುಗಳ ಸಾಲು, ನೆಲದಡಿ ಡೀಸೆಲ್ ಟ್ಯಾಂಕು, ನೆಲಮಾಳಿಗೆಯಲ್ಲಿ ಸೀಸ ಮತ್ತು ಸಲ್ಫ್ಯೂರಿಕ್ ಆಸಿಡ್ಡಿನ ಯುಪಿಎಸ್ ಬ್ಯಾಟರಿಗಳು. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಡೀಸೆಲ್ 2,500 ಲೀಟರ್ ದಾಟಿದರೆ, ಅಥವಾ 1,000 ಲೀಟರಿಗಿಂತ ದೊಡ್ಡ ಪಾತ್ರೆಯಲ್ಲಿಟ್ಟರೆ ಲೈಸೆನ್ಸ್ ಬೇಕು. ಜನರೇಟರಿನಿಂದ ಬಸಿದ ಹಳೇ ಆಯಿಲ್ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿ 5.1 ಎಂಬ ಸಂಖ್ಯೆಯಡಿ ಬರುತ್ತದೆ. ಗಾಜಿನ ಗೋಡೆಯ ಸಾಫ್ಟ್‌ವೇರ್ ಕಂಪನಿಯೂ ಪೀಣ್ಯದ ಪ್ಲೇಟಿಂಗ್ ಶೆಡ್ಡೂ ಒಂದೇ ಮಂಡಳಿಯಿಂದ, ಒಂದೇ ನಿಯಮದಡಿ ಅನುಮತಿ ಪಡೆಯಬೇಕಾಯಿತು.

ವೈಟ್‌ಫೀಲ್ಡಿನಲ್ಲಿ ಹಳೆಯ ಕಾರ್ಖಾನೆ ಮತ್ತು ಹೊಸ ಅಪಾರ್ಟ್‌ಮೆಂಟು ಎದುರುಬದುರಾದವು. ಕರಿ ಧೂಳು ಮನೆಯೊಳಗೆ ಬರುತ್ತಿದೆ ಎಂದು ನಿವಾಸಿಗಳು ವರ್ಷಗಟ್ಟಲೆ ದೂರಿದ ಗ್ರಾಫೈಟ್ ಇಂಡಿಯಾ ಕಾರ್ಖಾನೆಯ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2019ರಲ್ಲಿ ಕಾರ್ಖಾನೆ ನಿಂತಿತು.

ಕಂಪ್ಯೂಟರುಗಳೂ ಹಳೆಯವಾದವು. 2000ದ ದಶಕದ ಮೊದಲ ವರ್ಷಗಳಲ್ಲಿ ಕ್ಯಾಂಪಸ್ಸುಗಳಿಂದ ಲೋಡುಗಟ್ಟಲೆ ಹಳೇ ಮಾನಿಟರು, ಬೋರ್ಡು, ತಂತಿ ಗುಜರಿಗೆ ಹೋಗಿ ಗೌರಿಪಾಳ್ಯದಂಥ ಬಡಾವಣೆಗಳಲ್ಲಿ ಬಿಚ್ಚಿಕೊಳ್ಳುತ್ತಿದ್ದವು. ತಾಮ್ರಕ್ಕಾಗಿ ತಂತಿ ಸುಡುವುದು, ಚಿನ್ನಕ್ಕಾಗಿ ಬೋರ್ಡನ್ನು ಆಸಿಡ್ಡಿನಲ್ಲಿ ನೆನೆಹಾಕುವುದು ಎರಡೂ ಬರಿಗೈಯಲ್ಲೇ ನಡೆಯುತ್ತಿತ್ತು. ಪ್ಲೇಟಿಂಗ್ ಶೆಡ್ಡಿನ ಆಸಿಡ್ಡು ಲೋಹ ಕೂರಿಸಿದರೆ ಇಲ್ಲಿನದು ಲೋಹ ಕೀಳುತ್ತಿತ್ತು, ಇಬ್ಬರ ಮೋರಿಯೂ ಒಂದೇ. ಇ-ತ್ಯಾಜ್ಯಕ್ಕೆಂದು ಪ್ರತ್ಯೇಕ ನಿಯಮ ಬರುವ ಮೊದಲೇ, 2005ರಲ್ಲಿ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಘಟಕ ಅದನ್ನು ಕ್ರಮಬದ್ಧವಾಗಿ ಬಿಚ್ಚುವ ಕೆಲಸ ಶುರು ಮಾಡಿತ್ತು. 2011ರಲ್ಲಿ ಪ್ರಕಟವಾದ ಇ-ತ್ಯಾಜ್ಯ ನಿಯಮ 2012ರ ಮೇ 1ರಿಂದ ಜಾರಿಗೆ ಬಂತು. ಅದರೊಂದಿಗೆ ಕಾನೂನು ಇನ್ನೊಂದು ಹೆಜ್ಜೆ ಹೊರಗಿಟ್ಟಿತು. ಬಳಸಿದವನಷ್ಟೇ ಅಲ್ಲ, ತಯಾರಿಸಿ ಮಾರಿದ ಕಂಪನಿಯೂ ತನ್ನ ಮಾಲು ಕೊನೆಗೆ ಎಲ್ಲಿ ಹೋಯಿತು ಎಂಬುದಕ್ಕೆ ಉತ್ತರ ಕೊಡಬೇಕು. ಬ್ಯಾಟರಿಗಳಿಗೆ 2001ರಲ್ಲೇ ಇದ್ದ ಇಂಥ ನಿಯಮವನ್ನು 2022ರಲ್ಲಿ ಹೊಸದಾಗಿ ಬರೆದರು. ಇ-ತ್ಯಾಜ್ಯದ ನಿಯಮವೂ 2016ರಲ್ಲಿ, ಮತ್ತೆ 2022ರಲ್ಲಿ ಬದಲಾಯಿತು.

ಎಲ್ಲವನ್ನೂ ಕೂಡಿಸಿದಾಗ

2009ರ ಡಿಸೆಂಬರಿನಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಐಐಟಿ ದೆಹಲಿಯ ಜೊತೆಗೂಡಿ ದೇಶದ 88 ಕೈಗಾರಿಕಾ ಪ್ರದೇಶಗಳಿಗೆ ಅಂಕ ಕೊಟ್ಟಿತು. ಗಾಳಿ, ನೀರು, ನೆಲ ಮೂರನ್ನೂ ಅಳೆದು ಇಡೀ ಪ್ರದೇಶಕ್ಕೆ ನೂರಕ್ಕೆ ಇಂತಿಷ್ಟು ಎಂದು. 70 ದಾಟಿದರೆ ತೀರಾ ಗಂಭೀರ, 60ರಿಂದ 70ರೊಳಗಿದ್ದರೆ ಗಂಭೀರ. ಕರ್ನಾಟಕದಿಂದ ಮಂಗಳೂರು ಮತ್ತು ಭದ್ರಾವತಿ 70 ದಾಟಿದವು. ಪೀಣ್ಯಕ್ಕೆ 65.11 ಬಂತು. ಮರುತಿಂಗಳು, 2010ರ ಜನವರಿ 13ರಂದು, 70 ದಾಟಿದ ಪ್ರದೇಶಗಳಲ್ಲಿ ಹೊಸ ಯೋಜನೆಗಳಿಗೆ ಪರಿಸರ ಅನುಮತಿ ತಡೆಹಿಡಿದರು. ಪೀಣ್ಯ ಐದು ಅಂಕದಲ್ಲಿ ಪಾರಾಯಿತು.

2018ರ ಅಂಕಪಟ್ಟಿಯಲ್ಲಿ ಪೀಣ್ಯದ್ದು 78.12. ಎರಡೂ ಪಟ್ಟಿಗಳ ನಡುವಿನ ವರ್ಷಗಳಲ್ಲಿ ದಾಬಸ್‌ಪೇಟೆಯ ಕೇಂದ್ರವಿತ್ತು, ಬಣ್ಣದ ಪ್ರತಿಗಳಿದ್ದವು. 2016ರಲ್ಲಿ ಕೈಗಾರಿಕೆಗಳನ್ನು ಕೆಂಪು, ಕಿತ್ತಳೆ, ಹಸಿರು, ಬಿಳಿ ಎಂದು ಹೊಸದಾಗಿ ವಿಂಗಡಿಸಿ ಪ್ಲೇಟಿಂಗನ್ನು ಕೆಂಪಿನಲ್ಲಿಟ್ಟದ್ದೂ ಆಗಿತ್ತು. ಒಂದೊಂದು ಶೆಡ್ಡಿನ ಕಡತ ತೆರೆದರೆ ಸಮ್ಮತಿ ಪತ್ರ, ಫಾರಂ, ವಾರ್ಷಿಕ ವರದಿ ಎಲ್ಲ ಸರಿಯಾಗಿಯೇ ಕಾಣಬಹುದು. ಇಡೀ ಪ್ರದೇಶದ ಕೊಳವೆಬಾವಿ ನೀರನ್ನು ಪರೀಕ್ಷಿಸಿದ ಅಧ್ಯಯನಗಳು ಮಾತ್ರ ಕ್ರೋಮಿಯಂ ಇದೆ ಎಂದೇ ಹೇಳುತ್ತ ಬಂದವು. ಬಿಡಿಬಿಡಿಯಾಗಿ ನೋಡಿದಾಗ ಕಾಣದ ಅಪಾಯ ಕೂಡಿಸಿದಾಗ ಕಂಡಿತು.

ಗೋಡೌನುಗಳದ್ದೂ ಇದೇ ಪಾಡು. 2020ರ ಮೇ 7ರಂದು ವಿಶಾಖಪಟ್ಟಣದಲ್ಲಿ, ಲಾಕ್‌ಡೌನಿನಲ್ಲಿ ನಿಂತಿದ್ದ ಕಾರ್ಖಾನೆಯಿಂದ ಸ್ಟೈರೀನ್ ಸೋರಿ ಜನ ಸತ್ತರು. ಆಗಸ್ಟ್ 4ರಂದು ಬೈರೂತ್ ಬಂದರಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಅಮೋನಿಯಂ ನೈಟ್ರೇಟ್ ಸಿಡಿದು ಅರ್ಧ ನಗರವೇ ನುಚ್ಚುನೂರಾಯಿತು. ದೂರದ ಸುದ್ದಿ ಎಂದುಕೊಂಡಿದ್ದ ಬೆಂಗಳೂರಿನಲ್ಲಿ ನವೆಂಬರ್ 10ರಂದು ಮೈಸೂರು ರಸ್ತೆಯ ಹೊಸಗುಡ್ಡದಹಳ್ಳಿಯ ರಾಸಾಯನಿಕ ಗೋಡೌನಿಗೆ ಬೆಂಕಿ ಬಿದ್ದು, ಸುತ್ತಲಿನ ಮನೆಗಳವರನ್ನು ಹೊರಗೆ ಕಳಿಸಬೇಕಾಯಿತು. ಜನವಸತಿಯ ನಡುವೆ ಇಂಥ ಗೋಡೌನುಗಳು ಎಷ್ಟಿವೆ ಎಂದು ಪಾಲಿಕೆ ಹುಡುಕಲು ಹೊರಟಿದ್ದು ಆಮೇಲೆ.

2023ರ ಅಕ್ಟೋಬರ್ 7ರ ಶನಿವಾರ ಮಧ್ಯಾಹ್ನ, ಎಲೆಕ್ಟ್ರಾನಿಕ್ ಸಿಟಿಯಿಂದ ಹೊಸೂರಿನ ಕಡೆಗೆ ಹೋಗುವಾಗ ಗಡಿಗೆ ಮುಂಚೆ ಸಿಗುವ ಅತ್ತಿಬೆಲೆಯಲ್ಲಿ, ಲಾರಿಯಿಂದ ಪಟಾಕಿ ಇಳಿಸುತ್ತಿದ್ದ ಮಳಿಗೆಗೆ ಬೆಂಕಿ ಹೊತ್ತಿಕೊಂಡಿತು. ದೀಪಾವಳಿ ಹತ್ತಿರವಿತ್ತು, ದಾಸ್ತಾನು ತುಂಬಿತ್ತು. ಆ ದಿನವೇ ಹದಿನಾಲ್ಕು ಜನ ಸತ್ತರು, ಆಸ್ಪತ್ರೆ ಸೇರಿದವರಲ್ಲಿ ಇನ್ನೂ ಕೆಲವರು ಉಳಿಯಲಿಲ್ಲ. ಹೆಚ್ಚಿನವರು ಹಬ್ಬದ ಸೀಸನ್ನಿಗೆ ನಾಲ್ಕು ಕಾಸು ಸಂಪಾದಿಸಲು ತಮಿಳುನಾಡಿನ ಹಳ್ಳಿಗಳಿಂದ ಬಂದಿದ್ದ ಎಳೆಯರು. ತನಿಖೆ ಸಿಐಡಿಗೆ ಹೋಯಿತು, ಅಧಿಕಾರಿಗಳು ಅಮಾನತಾದರು. ಮೆರವಣಿಗೆ, ಮದುವೆ, ಉತ್ಸವಗಳಲ್ಲಿ ಪಟಾಕಿ ನಿಷೇಧಿಸುವುದಾಗಿಯೂ ಹಸಿರು ಪಟಾಕಿಗೆ ಮಾತ್ರ ಅವಕಾಶವೆಂದೂ ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಿದರು. ಸ್ಫೋಟಕಗಳ ಕಾಯ್ದೆ 1884ರದ್ದು, ಅದರಡಿಯ ಈಗಿನ ನಿಯಮ 2008ರದ್ದು, ನಿಯಮದಲ್ಲಿ ದಾಸ್ತಾನಿಗೆ ಮಿತಿ ಇದೆ. ಆ ಮಿತಿ ಬರೆದ ಲೈಸೆನ್ಸು ಗೋಡೆಯ ಮೇಲೆ ತೂಗುತ್ತದೆ. ಹಬ್ಬದ ವಾರದಲ್ಲಿ ಗೋಡೆಯ ಒಳಗೆ ನಿಜಕ್ಕೂ ಎಷ್ಟಿದೆ ಎಂದು ಬಂದು ತೂಗುವವರು ಬೇಕು.

ಈಗ ಬರೆಯುತ್ತಿರುವ ಪುಟ

ಈ ಚರಿತ್ರೆಯ ಹೊಸ ಅಧ್ಯಾಯ ನಡೆಯುತ್ತಲೇ ಇದೆ. ಕಾರ್ಖಾನೆ ಕಾಯ್ದೆಯೂ ಸೇರಿದಂತೆ ಹದಿಮೂರು ಕಾನೂನುಗಳನ್ನು ಒಂದುಗೂಡಿಸಿದ ಔದ್ಯೋಗಿಕ ಸುರಕ್ಷತಾ ಸಂಹಿತೆ 2020ರಲ್ಲಿ ಸಂಸತ್ತಿನ ಒಪ್ಪಿಗೆ ಪಡೆದು, 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. 1969ರ ರಾಜ್ಯ ನಿಯಮಗಳ ಜಾಗಕ್ಕೆ ಹೊಸವು ಬರಬೇಕು. ಸಂಹಿತೆಯಲ್ಲಿ ಕಾರ್ಖಾನೆ ಎನಿಸಿಕೊಳ್ಳಲು ಬೇಕಾದ ಕೆಲಸಗಾರರ ಸಂಖ್ಯೆ ಹತ್ತರಿಂದ ಇಪ್ಪತ್ತಕ್ಕೆ, ಇಪ್ಪತ್ತರಿಂದ ನಲವತ್ತಕ್ಕೆ ಏರಿದೆ. ಜೊತೆಗೇ, ಜೀವಾಪಾಯದ ಕೆಲಸ ನಡೆಯುವ ಕಡೆ ಕೆಲಸಗಾರರ ಸಂಖ್ಯೆ ಎಷ್ಟೇ ಇರಲಿ ಅಧಿಸೂಚನೆ ಹೊರಡಿಸಿ ಸಂಹಿತೆಯಡಿ ತರಲು ಕೇಂದ್ರ ಸರ್ಕಾರಕ್ಕೆ ದಾರಿ ಇಟ್ಟಿದ್ದಾರೆ. ಒಂದು ಕೈ ಎತ್ತರಿಸಿದ ಬೇಲಿಯನ್ನು ಇನ್ನೊಂದು ಕೈ ತಗ್ಗಿಸಬಲ್ಲದು, ತಗ್ಗಿಸುವ ಮನಸ್ಸಿದ್ದರೆ.

ಪರಿಸರ ಕಾಯ್ದೆಯ ಕಡೆಯೂ ಬದಲಾವಣೆಯಾಗಿದೆ. 2023ರ ಜನ್ ವಿಶ್ವಾಸ್ ಕಾಯ್ದೆ 1986ರ ಕಾಯ್ದೆಯಲ್ಲಿದ್ದ ಐದು ವರ್ಷದವರೆಗಿನ ಜೈಲು ಶಿಕ್ಷೆಯ ಜಾಗಕ್ಕೆ 10,000 ರೂಪಾಯಿಯಿಂದ 15 ಲಕ್ಷದವರೆಗಿನ ದಂಡ ತಂದಿತು. 2024ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಕೋರ್ಟಿಗೆ ಅಲೆಯದೆ ಬೇಗ ದಂಡ ಬೀಳುತ್ತದೆ ಎಂಬುದು ಸಮರ್ಥಕರ ವಾದ. ದಂಡವನ್ನೂ ಒಂದು ಖರ್ಚೆಂದು ಲೆಕ್ಕಕ್ಕೆ ಬರೆದು ಮುಂದೆ ಹೋಗುತ್ತಾರೆ ಎಂಬುದು ವಿರೋಧಿಗಳ ಮಾತು. ಸಣ್ಣ ಶೆಡ್ಡಿಗೆ 15 ಲಕ್ಷ ಎಂದರೆ ಬಾಗಿಲು ಮುಚ್ಚಿದಂತೆ, ದೊಡ್ಡ ಕಂಪನಿಗೆ ಅದು ಲೆಕ್ಕಕ್ಕೇ ಇಲ್ಲ.

ಐವತ್ತು ವರ್ಷದ ಈ ದಾರಿಯಲ್ಲಿ ಕಾನೂನು ಕಲಿತಿದ್ದು ಬಹಳ. ಕಲಿತೂ ಬಳಸದೆ ಇಟ್ಟಿರುವ ಪಾಠ ಕೂಡಿಸುವ ಲೆಕ್ಕದ್ದು. ಪೀಣ್ಯದ ಒಂದು ಅಡ್ಡರಸ್ತೆಯ ಇಪ್ಪತ್ತು ಶೆಡ್ಡುಗಳಲ್ಲಿ ಒಂದೊಂದೂ ಮಿತಿಯ ಕೆಳಗಿರಬಹುದು, ಇಪ್ಪತ್ತರ ಮೋರಿ ಒಂದೇ, ಅಡಿಯ ಅಂತರ್ಜಲ ಒಂದೇ. ಅಂಕ ಕೊಡುವಾಗ ಇಡೀ ಪ್ರದೇಶವನ್ನು ಒಂದಾಗಿ ಅಳೆಯಲು ಸರ್ಕಾರಕ್ಕೆ ಬರುತ್ತದೆ ಎಂದು 65.11 ಮತ್ತು 78.12 ತೋರಿಸಿವೆ. ಅನುಮತಿ ಕೊಡುವಾಗ, ಲಾರಿ ಕಳಿಸುವಾಗ, ಅಗ್ನಿಶಾಮಕ ಯೋಜನೆ ಬರೆಯುವಾಗ ಮಾತ್ರ ಅದು ಮತ್ತೆ ಒಂದೊಂದೇ ಶೆಡ್ಡಿನ ಕಡತಕ್ಕೆ ಮರಳುತ್ತದೆ. ರಾಜ್ಯ ಬರೆಯಬೇಕಿರುವ ಹೊಸ ನಿಯಮದಲ್ಲಿ ಅಡ್ಡರಸ್ತೆಯನ್ನೇ ಒಂದು ಕಾರ್ಖಾನೆಯೆಂದು ಎಣಿಸುವ ಒಂದು ಕಲಮು ಸೇರಲಿ: ಇಪ್ಪತ್ತು ಅರೆ ಡ್ರಮ್ಮುಗಳಿಗೆ ಗೊತ್ತುಪಡಿಸಿದ ದಿನ ಬರುವ ಒಂದು ಲಾರಿ, ಇಪ್ಪತ್ತು ಶೆಡ್ಡಿನ ದಾಸ್ತಾನಿಗೆ ಒಂದೇ ಪಟ್ಟಿ, ಆ ಪಟ್ಟಿಯ ಪ್ರತಿ ಹತ್ತಿರದ ಅಗ್ನಿಶಾಮಕ ಠಾಣೆಯಲ್ಲಿ. ಅತ್ತಿಬೆಲೆಯ ನಂತರ ಅಮಾನತು ಮಾಡಿದ್ದಕ್ಕಿಂತ ಇದು ಅಗ್ಗ. ಇದಕ್ಕೆ ಇನ್ನೊಂದು ದುರಂತವೋ ಇನ್ನೊಂದು ಕೋರ್ಟಿನ ಆದೇಶವೋ ಬರಲಿ ಎಂದು ಕಾಯಬೇಕಾಗಿಲ್ಲ.